ಗಾಳಿ ಎಬ್ಬಿಸುವವಳಿಗೆ ಪೊಲೀಸ್ ಕೆಲಸ

ನಮ್ಮೂರಿನಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಅವರ ಸುತ್ತ ಗಾಳಿ ಏಳುತ್ತದೆ. ಸಣ್ಣ ಸಿಟ್ಟಿಗೆ ಸಣ್ಣ ಗಾಳಿ, ದೊಡ್ಡ ಸಿಟ್ಟಿಗೆ ದೊಡ್ಡ ಗಾಳಿ. ಹೀಗಾಗಿ ಇಲ್ಲಿನ ಮೇಷ್ಟ್ರುಗಳ ಮೇಜಿನ ಮೇಲೆ ನಯವಾದ ಕಲ್ಲುಗಳಿರುತ್ತವೆ, ಹೆಂಗಸರ ಸೆರಗಿಗೆ ಎರಡೆರಡು ಪಿನ್ನು ಇರುತ್ತದೆ, ಹೋಟೆಲಿನವರು ಗಿರಾಕಿಯ ಮುಖ ನೋಡಿಕೊಂಡೇ ಬಾಳೆ ಎಲೆ ಹಾಸುತ್ತಾರೆ. ಸೌದೆ ಒಲೆ ಸರಿಯಾಗಿ ಹೊತ್ತಿಕೊಳ್ಳದಿದ್ದರೆ ಗಂಡನನ್ನು ಅಡುಗೆಮನೆಗೆ ಕರೆದು, ಏನಾದರೂ ಒಂದು ಮಾತು ಚುಚ್ಚಿ, ಅವನ ಗಾಳಿಯಲ್ಲಿ ಉರಿ ಎಬ್ಬಿಸಿಕೊಳ್ಳುವ ಜಾಣೆಯರೂ ಇದ್ದಾರೆ. ಯಾರೂ ಇದನ್ನು ವಿಚಿತ್ರ ಅಂದುಕೊಳ್ಳುವುದಿಲ್ಲ. ಒಬ್ಬರ ಮನೆ ಮುಂದೆ ಧೂಳು ಸುತ್ತುತ್ತಿದ್ದರೆ ಆಮೇಲೆ ಬಂದರಾಯಿತು ಎಂದು ತಿರುಗಿ ಹೋಗುತ್ತೇವೆ, ಅಷ್ಟೆ.

ಇಂಥ ಊರಿನಲ್ಲಿ ನಮ್ಮಪ್ಪ ಶಾಮಿಯಾನ ಹಾಕುವವನು. ಪೆಂಡಾಲ್ ಬಸವಂತಪ್ಪ ಅಂದರೆ ಎಲ್ಲರಿಗೂ ಗೊತ್ತು. ಮದುವೆಯ ಮನೆಯವರು ಬಂದು ಕೂತರೆ ಅಪ್ಪ ಎಷ್ಟು ಜನ ಊಟಕ್ಕೆ ಎಂದು ಕೇಳುವುದಿಲ್ಲ, "ಬೀಗರು ಹೆಂಥೋರು?" ಎಂದು ಕೇಳುತ್ತಾನೆ. "ಬಹಳ ಒಳ್ಳೆಯೋರು ಕಣಣ್ಣ" ಎಂದರೆ ಸಾಮಾನ್ಯ ಗೂಟ. "ಹುಡುಗನ ಸೋದರಮಾವ ಸ್ವಲ್ಪ..." ಎಂದು ರಾಗ ಎಳೆದರೆ ಕಬ್ಬಿಣದ ಗೂಟ, ಡಬಲ್ ಹಗ್ಗ. ನಾನು ಅವನ ಒಬ್ಬಳೇ ಮಗಳು. ಹೆಸರು ಹಾಲಮ್ಮ. "ಹಾಲು ಅಂತ ಹೆಸರಿಟ್ಟೆ, ಅದು ಯಾವಾಗ್ಲೂ ಉಕ್ಕೋ ಹಾಲಾಯ್ತು" ಎಂದು ಅವ್ವ ನೀಲಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನನ್ನ ಗಾಳಿ ನೆಲದಿಂದ ಸುತ್ತಿಕೊಂಡು ಮೇಲೇಳುತ್ತಿತ್ತು. ಅದು ಎದ್ದರೆ ಬೀದಿಯ ನಾಯಿಗಳೂ ಬಾಲ ಒಳಗೆ ಸೇರಿಸಿಕೊಂಡು ಕಟ್ಟೆ ಹತ್ತುತ್ತಿದ್ದವು.

ನನಗೆ ಪೊಲೀಸ್ ಆಗಬೇಕು ಅನ್ನಿಸಿದ್ದು ಅಪ್ಪನ ಜೊತೆ ಪೆಂಡಾಲ್ ಕೆಲಸಕ್ಕೆ ಹೋಗಿದ್ದ ಒಂದು ಮದುವೆಯಲ್ಲಿ. ಹೋಳಿಗೆ ಬಡಿಸುವುದು ತಡವಾಯಿತೆಂದು ಗಂಡಿನ ಕಡೆಯ ದೊಡ್ಡ ಮನುಷ್ಯನೊಬ್ಬ ಮದುಮಗಳ ತಂಗಿಯ ಕೆನ್ನೆಗೆ ಹೊಡೆದ. ಎರಡೂ ಕಡೆಯವರಿಗೆ ಸಿಟ್ಟು ಬಂದು ಶಾಮಿಯಾನ ಮೇಲೆದ್ದಿತು. ಎಲ್ಲರೂ ಬಟ್ಟೆ ಹಿಡಿಯಲು ಓಡಿದರು, ಕಂಬ ಹಿಡಿಯಲು ಓಡಿದರು, ಅನ್ನದ ಕೊಪ್ಪರಿಗೆಗೆ ತಟ್ಟೆ ಮುಚ್ಚಲು ಓಡಿದರು. ಆ ಹುಡುಗಿಯ ಹತ್ತಿರ ಮಾತ್ರ ಯಾರೂ ಓಡಲಿಲ್ಲ. ಕಾನ್‌ಸ್ಟೇಬಲ್ ಕೊಟ್ರೇಶಿ ಅಲ್ಲೇ ಪಂಕ್ತಿಯಲ್ಲಿ ಕೂತು, ಒಂದು ಕೈಯಲ್ಲಿ ಎಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪಾಯಸ ತಿನ್ನುತ್ತಿದ್ದ. ನಾನು ಹಗ್ಗ ಬಿಟ್ಟು ಆ ಹುಡುಗಿಯ ಪಕ್ಕ ಹೋಗಿ ಕೂತೆ. ಹೀಗೆ ಹೋಗಿ ಕೂರುವುದೇ ಒಂದು ಕೆಲಸವಾಗಿದ್ದರೆ ಎಷ್ಟು ಚೆನ್ನ ಎಂದು ಅವತ್ತು ಅನ್ನಿಸಿದ್ದು ಆಮೇಲೆ ಮನಸ್ಸಿನಿಂದ ಹೋಗಲೇ ಇಲ್ಲ.

ಆದರೆ ನಮ್ಮೂರಲ್ಲಿ ಪೊಲೀಸರನ್ನು ಆರಿಸುತ್ತಿದ್ದುದು ಮಂಡಕ್ಕಿಯಿಂದ. ಸ್ಟೇಷನ್ನಿನ ಅಂಗಳದಲ್ಲಿ ಅಭ್ಯರ್ಥಿಗಳು ಸಾಲಾಗಿ ನಿಲ್ಲಬೇಕು. ಪ್ರತಿಯೊಬ್ಬರ ಕೈಗೆ ತಟ್ಟೆ ತುಂಬ ಮಂಡಕ್ಕಿ ಕೊಡುತ್ತಾರೆ. ಊರವರು ಬಂದು ಬಾಯಿಗೆ ಬಂದಂತೆ ಬೈಯಬಹುದು. ಯಾರ ತಟ್ಟೆಯ ಮಂಡಕ್ಕಿ ಹಾರುವುದಿಲ್ಲವೋ ಅವರು ಪೊಲೀಸು. ಬೈಯಲು ಬರುವವರಿಗೆ ಅದೊಂದು ಹಬ್ಬ. ಬೆಳಿಗ್ಗೆಯೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬರುತ್ತಿದ್ದರು. ಮೊದಲ ಸಲ ನಾನು ನನ್ನನ್ನು ಬೈದದ್ದನ್ನೆಲ್ಲ ನುಂಗಿಕೊಂಡೆ. ಒಬ್ಬ ಮುದುಕ ಬಂದು "ಇವರಪ್ಪನ ಶಾಮಿಯಾನ ಅಂದ್ರೆ ಹರಕು ಬಟ್ಟೆ" ಎಂದ, ಅಷ್ಟಕ್ಕೆ ಮಂಡಕ್ಕಿಯೆಲ್ಲ ಅವನ ಜುಬ್ಬದೊಳಗೆ ಹೋಯಿತು. ಎರಡನೆಯ ಸಲ ಅಪ್ಪನನ್ನು ಬೈದದ್ದನ್ನೂ ನುಂಗಿಕೊಂಡೆ. ಗೆದ್ದೆ ಅನ್ನುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ದಪ್ಪನೆಯ ಹುಡುಗನ ಮೈ ನೋಡಿ ಆಡಿಕೊಳ್ಳತೊಡಗಿದರು. ಅವನ ತಟ್ಟೆ ಅಲುಗಲಿಲ್ಲ. ನನ್ನದು ತಟ್ಟೆ ಸಮೇತ ಹಾರಿತು.

ಆ ಪದ್ಧತಿ ನಿಂತದ್ದು ಕೊಟ್ರೇಶಿಯ ದೆಸೆಯಿಂದ. ಮಂಡಕ್ಕಿಯ ಒಂದು ಕಾಳೂ ಅಲುಗದೆ ಆಯ್ಕೆಯಾದವನು ಅವನು. ಒಂದು ಮಟ ಮಟ ಮಧ್ಯಾಹ್ನ ಕಳ್ಳರು ಹೋಟೆಲಿನ ರುಬ್ಬುವ ಯಂತ್ರವನ್ನು ಹೊತ್ತುಕೊಂಡು ಹೋಗುತ್ತಿದ್ದಾಗ ಅವನು ಎದುರಿಗೇ ಸಿಕ್ಕಿದನಂತೆ. ಇನ್‌ಸ್ಪೆಕ್ಟರ್ ಮುದ್ದುರಂಗಯ್ಯನವರು ಕರೆದು ಕೇಳಿದರೆ, "ಪಾಪ ಭಾರ ಹೊತ್ತಿದ್ರು ಸಾರ್, ದಾರಿ ಬಿಟ್ಟೆ" ಎಂದ. ಮುದ್ದುರಂಗಯ್ಯನವರು ಮೆತ್ತಗಿನ ಮನುಷ್ಯ; ಅವರಿಗೆ ಎಷ್ಟು ಸಿಟ್ಟು ಬಂದರೂ ಮೀಸೆಯ ಎರಡು ತುದಿ ಮಾತ್ರ ಅಲುಗುತ್ತಿದ್ದವು. ಅವತ್ತು ಸ್ಟೇಷನ್ನಿನ ಕ್ಯಾಲೆಂಡರ್ ಕಿತ್ತುಕೊಂಡು ಹೋಗಿ ರಸ್ತೆಗೆ ಬಿತ್ತು. ಅವರು ಮೇಲಿನವರಿಗೆ ಬರೆದರು. ಮೇಲಿನವರು, ಇನ್ನು ಮುಂದೆ ಮಂಡಕ್ಕಿ ಬೇಡ, ಮನುಷ್ಯನ ಸ್ವಭಾವ ಅಳೆಯುವ ಶಾಸ್ತ್ರೀಯ ಪರೀಕ್ಷೆ ಇದೆ, ತಜ್ಞೆಯೊಬ್ಬರನ್ನು ಕಳಿಸುತ್ತೇವೆ ಎಂದರು. ಇರುವುದು ಒಂದೇ ಹುದ್ದೆ. ನಾನು ಮೂರನೆಯ ಸಲ ಅರ್ಜಿ ಹಾಕಿದೆ.

ಊರಿಗೆ ಇದು ಹಿಡಿಸಲಿಲ್ಲ. "ಸ್ವಭಾವ ಕಾಗದದ ಮೇಲೆ ಕಾಣ್ತದಾ?" ಎಂದು ಪುರಸಭೆ ಅಧ್ಯಕ್ಷರು ಸಿಕ್ಕವರನ್ನೆಲ್ಲ ಕೇಳಿದರು. ಕಾಣಲಿ ಬಿಡಲಿ, ಕೆಲಸ ಯಾರಿಗೆ ಎನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ರಂಗೋಲಿ ಪುಡಿ ಮಾರುವ ಸಂಗಮ್ಮನ ಮಗ ಗುರುಶಾಂತನೂ ಅರ್ಜಿ ಹಾಕಿದ್ದ. ಅವನಿಗೆ ಹುಟ್ಟಿದಂದಿನಿಂದ ಒಂದು ಸಲವೂ ಗಾಳಿ ಎದ್ದಿರಲಿಲ್ಲ. ಅಂಗಡಿಯಲ್ಲಿ ಹಳದಿ, ಕೆಂಪು, ನೀಲಿ, ಹಸಿರು ಪುಡಿಗಳು ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತಿದ್ದವು, ಅವುಗಳ ನಡುವೆ ಅವನು ಕೂತಿರುತ್ತಿದ್ದ. ಚೌಕಾಸಿ ಮಾಡುವವರು ಎಷ್ಟು ಕೆಣಕಿದರೂ ಯಾವ ಗುಡ್ಡೆಯ ತುದಿಯೂ ಕುಸಿಯುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಸದಾ ಬಣ್ಣ. ನೋಡಿದರೆ ಪಾಪ ಅನ್ನಿಸುವ ನಗು.

ಪರೀಕ್ಷೆ ನಡೆದದ್ದು ಪ್ರೌಢಶಾಲೆಯ ದೊಡ್ಡ ಕೋಣೆಯಲ್ಲಿ. ಬಂದವರು ಪ್ರಮೋದಿನಿ ಮೇಡಂ, ನೀಟಾಗಿ ಇಸ್ತ್ರಿ ಮಾಡಿದ ಸೀರೆ, ಸಣ್ಣ ದನಿ, ಎಲ್ಲದಕ್ಕೂ ಸಮಾಧಾನದ ಮುಗುಳ್ನಗೆ. ಹೊರಗಿನವರಿಗೆ ನಮ್ಮೂರಿನ ಗಾಳಿ ಅಂಟಲು ಇಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಸಾಕು. ಅವರು ಹಿಂದಿನ ದಿನವೇ ಬಂದು ಪ್ರವಾಸಿ ಮಂದಿರದಲ್ಲಿ ಉಳಿದಿದ್ದರು. ಯಾರೋ ಆ ಮಾತು ತೆಗೆದಾಗ, "ನನಗೇನೂ ತೊಂದರೆಯಿಲ್ಲ, ನನಗೆ ಸಿಟ್ಟು ಬರೋದಿಲ್ಲ" ಎಂದು ನಕ್ಕರು. ಗುರುಶಾಂತ ನನ್ನ ಪಕ್ಕದ ಬೆಂಚಿನಲ್ಲಿದ್ದ. "ಹಾಲಮ್ಮ, ನಂಗೆ ಭಯ ಆಗ್ತೈತೆ ಕಣೆ" ಎಂದು ಪಿಸುಗುಟ್ಟಿದ. "ನಿಂಗ್ಯಾಕೆ ಭಯ? ನಿಂದಾಗ್ಲೇ ಆಯ್ತಲ್ಲ" ಎಂದೆ. ನನ್ನ ಪ್ರಶ್ನೆ ಪುಸ್ತಕದ ಹಾಳೆಯೊಂದು ಸಣ್ಣಗೆ ಅಲುಗಿತು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ತನ್ನ ಮೊಣಕೈ ತಂದು ಅದರ ಮೇಲೆ ಇಟ್ಟ.

ಪ್ರಶ್ನೆಗಳು ನೂರಾರಿದ್ದವು. ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ನನಗೆ ಹೂವುಗಳೆಂದರೆ ಇಷ್ಟ. ಜನ ನನ್ನ ಬೆನ್ನ ಹಿಂದೆ ಮಾತಾಡುತ್ತಾರೆ. ನಾನು ಯಾವತ್ತೂ ಸುಳ್ಳು ಹೇಳಿಲ್ಲ. ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಕೈಗಳು ಮೇಲೆದ್ದವು. "ಮೇಡಂ, ಬೆನ್ನ ಹಿಂದೆ ಅಂದ್ರೆ ಬರೀ ನೆಂಟ್ರಾ, ಊರೋರೂ ಸೇರಿಯಾ?" "ಮೇಡಂ, ಸುಳ್ಳು ಅಂದ್ರೆ ಮನೇಲಿ ಹೇಳೋದೂ ಲೆಕ್ಕಕ್ಕಾ?" "ಮೇಡಂ, ಸೇವಂತಿಗೆ ಕಂಡ್ರೆ ನಂಗೆ ಸೀನು ಬರ್ತದೆ, ಹೌದು ಅನ್ಲೋ ಇಲ್ಲ ಅನ್ಲೋ?" ಮೇಡಂ ಮೊದಲು ಮುಗುಳ್ನಗುತ್ತಾ ಉತ್ತರಿಸಿದರು. ಆಮೇಲೆ ಬರೀ ಉತ್ತರಿಸಿದರು. ಕೊನೆಗೆ ಒಬ್ಬ ಎದ್ದು ನಿಂತು, "ಮೇಡಂ, ಇದ್ರಲ್ಲಿ ಪಾಸಾಗೋಕೆ ಯಾವ್ದಕ್ಕೆ ಹೌದು ಹಾಕ್ಬೇಕು ಅಂತ ನೀವೇ ಹೇಳ್ಬಿಟ್ರೆ ಎಲ್ರಿಗೂ ಅನುಕೂಲ" ಎಂದ. ಮೇಡಂ ಇನ್ನೂ ನಗುತ್ತಲೇ ಇದ್ದರು. ಆದರೆ ಅವರ ಮೇಜಿನ ಮೇಲಿದ್ದ ಕಾಗದಗಳೆಲ್ಲ ಒಮ್ಮೆಲೇ ಎದ್ದು, ಕೋಣೆಯನ್ನು ಒಂದು ಸುತ್ತು ಹಾಕಿ, ನಮ್ಮ ತಲೆಗಳ ಮೇಲೆ ಉದುರಿದವು.

ಅವರು ಸುತ್ತ ನೋಡಿದರು. ಕಿಟಕಿಗಳು ಮುಚ್ಚಿದ್ದವು. "ಇದು... ನಂದಾ?" ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ತಲೆಯಾಡಿಸಿದೆವು. ಯಾರೂ ನಗಲಿಲ್ಲ, ನಮ್ಮೂರಲ್ಲಿ ಒಬ್ಬರ ಗಾಳಿ ನೋಡಿ ನಗುವುದು ಒಳ್ಳೆಯ ನಡತೆಯಲ್ಲ. ಮೇಡಂ ಕುರ್ಚಿಯಲ್ಲಿ ಕೂತು ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೊಸ ಬಳೆ ಹಾಕಿಕೊಂಡವರು ನೋಡಿಕೊಳ್ಳುವ ಹಾಗಿತ್ತು ಅದು. ನಾವು ಬೆಂಚು ಬಿಟ್ಟು ಎದ್ದು ಕಾಗದ ಆರಿಸಿಕೊಟ್ಟೆವು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದರು. ನನಗೆ ಮಸಿ ಚೆಲ್ಲಿದಂಥ ಒಂದು ಚಿತ್ರ ತೋರಿಸಿ ಏನು ಕಾಣಿಸುತ್ತದೆ ಎಂದು ಕೇಳಿದರು. "ಕಂಬ ಜಾರಿದ ಶಾಮಿಯಾನ" ಎಂದೆ. ಇನ್ನೊಂದು ತೋರಿಸಿದರು. ಅದೂ ಶಾಮಿಯಾನವೇ, ಆದರೆ ಮಡಿಸಿಟ್ಟದ್ದು. "ಕೊನೆ ಸಲ ನಿನಗೆ ಸಿಟ್ಟು ಬಂದದ್ದು ಯಾವಾಗಮ್ಮ?" ಎಂದರು. "ಈಗ ಒಳಗೆ ಬರುವಾಗ ಮೇಡಂ. ಕೊಟ್ರೇಶಿ ಬಾಗಿಲಲ್ಲಿ ಕೂತು, ಹೆಂಗಸ್ರಿಗೆ ಯಾಕೆ ಈ ಕೆಲಸ ಅಂದ. ಅವನ ಟೋಪಿ ಕಾಂಪೌಂಡ್ ಆಚೆ ಹೋಯ್ತು." ಅವರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಆಮೇಲೇನು ಮಾಡಿದೆ?" "ಹೋಗಿ ತಂದುಕೊಟ್ಟೆ." "ಯಾಕೆ?" ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನನ್ನ ಗಾಳಿಗೆ ಹಾರಿದ್ದಲ್ವಾ ಮೇಡಂ" ಎಂದೆ.

ಫಲಿತಾಂಶವನ್ನು ನಮ್ಮೂರಲ್ಲಿ ಎಲ್ಲರ ಎದುರಿಗೇ ಹೇಳಬೇಕು, ಇಲ್ಲದಿದ್ದರೆ ಜನ ನಂಬುವುದಿಲ್ಲ. ಮಾರನೆಯ ದಿನ ಶಾಲೆಯ ಮೈದಾನದಲ್ಲಿ ಅಪ್ಪನದೇ ಶಾಮಿಯಾನ ಎದ್ದಿತು. ಕೆಲಸ ಗುರುಶಾಂತನಿಗೇ ಅಂದುಕೊಂಡಿದ್ದ ಅಪ್ಪ, ಅವನ ಹಾಗೆ ಎಲ್ಲವೂ ತಣ್ಣಗೆ ನಡೆಯುತ್ತದೆಂದು ಸಾಮಾನ್ಯ ಗೂಟ ಹೊಡೆದಿದ್ದ. ಸಂಗಮ್ಮ ರೇಷ್ಮೆ ಸೀರೆ ಉಟ್ಟು, ಹಂಚಲು ಸಕ್ಕರೆ ಹಿಡಿದುಕೊಂಡು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಗುರುಶಾಂತನಿಗೆ ಹೊಸ ಬಿಳಿ ಅಂಗಿ ತೊಡಿಸಿದ್ದಳು. ಅದಕ್ಕೂ ಆಗಲೇ ಅಲ್ಲಲ್ಲಿ ಬಣ್ಣ ಹತ್ತಿತ್ತು.

ಮೇಡಂ ಮೈಕ್ ಹಿಡಿದು, ಪರೀಕ್ಷೆಯಲ್ಲಿ ಕೆಲವು ಪ್ರಶ್ನೆಗಳನ್ನು ಬೇಕೆಂದೇ ಇಟ್ಟಿರುತ್ತೇವೆ ಎಂದು ವಿವರಿಸಿದರು. ಒಳ್ಳೆಯವರಾಗಿ ಕಾಣಿಸಿಕೊಳ್ಳಲು ಯಾರು ಸುಳ್ಳು ಹೇಳುತ್ತಾರೆಂದು ತಿಳಿಯಲು ಅವು. ಒಮ್ಮೆಯೂ ಸಿಟ್ಟು ಬಂದಿಲ್ಲ ಎನ್ನುವವರನ್ನು ನಂಬಲಾಗದು. "ಹೆಚ್ಚಿನವರು ಅಲ್ಲೇ ಬಿದ್ದುಹೋಗಿದ್ದಾರೆ. ಅತಿ ಹೆಚ್ಚು ಸುಳ್ಳು ಉತ್ತರ ಕೊಟ್ಟವರು ಗುರುಶಾಂತ. ಇಂಥವರು ಪೊಲೀಸ್ ಕೆಲಸಕ್ಕೆ ಯೋಗ್ಯರಲ್ಲ. ಅತ್ಯಂತ ಪ್ರಾಮಾಣಿಕ ಉತ್ತರಗಳು ಹಾಲಮ್ಮ ಅವರದು."

ಮೈದಾನದ ತುಂಬ ಗುಸುಗುಸು ಎದ್ದಿತು. ನನಗೆ ಕೇಳಿಸಿದ್ದು ನನ್ನ ಹೆಸರು ಒಂದೇ. ಎಷ್ಟು ದಿನದಿಂದ ಬೇಕು ಬೇಕು ಅಂದದ್ದು ಸಿಕ್ಕಿತ್ತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮುದ್ದುರಂಗಯ್ಯನವರು ಕೈ ಕುಲುಕಲು ನನ್ನ ಕಡೆ ಹೊರಟರು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಗುರುಶಾಂತ ಕಣ್ಣಿಗೆ ಬಿದ್ದ. ಅವನು ನೆಲ ನೋಡುತ್ತಾ, ಉಗುರಿನೊಳಗಿನ ಹಳದಿಯನ್ನು ಇನ್ನೊಂದು ಉಗುರಿನಿಂದ ತೆಗೆಯುತ್ತಾ ನಿಂತಿದ್ದ. ಸಂಗಮ್ಮ ಸಕ್ಕರೆಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಹಿಂದಿನಿಂದ ಯಾರೋ, "ಇಷ್ಟು ದಿನ ನಾಟಕ ಆಡ್ದ ಹಂಗಾದ್ರೆ" ಎಂದರು.

"ಅವನು ಸುಳ್ಳು ಹೇಳಿಲ್ಲ!" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಅವನಿಗೆ ಸಿಟ್ಟು ಬರಲ್ಲ ಮೇಡಂ. ನಿಜವಾಗ್ಲೂ ಬರಲ್ಲ. ಇಡೀ ಊರಿಗೆ ಗೊತ್ತು. ಗೊತ್ತಿದ್ದೂ ಎಲ್ರೂ ಬಾಯಿ ಮುಚ್ಕೊಂಡು ಕೂತಿದೀರಲ್ಲ, ನಿಮಗೆ ಏನನ್ನಬೇಕು? ಇದ್ದದ್ದು ಇದ್ದ ಹಾಗೆ ಬರೆದೋನಿಗೆ ಸುಳ್ಳ ಅಂತೀರಾ!"

ಅಪ್ಪ "ಗೂಟ! ಗೂಟ!" ಎಂದು ಕೂಗುವುದು ಕೇಳಿಸಿತು. ನೆಲದ ಮಣ್ಣು ನನ್ನ ಕಾಲಿನ ಸುತ್ತ ಸುತ್ತಿ ಮೇಲೆದ್ದಿತ್ತು. ಶಾಮಿಯಾನ ಹೊಟ್ಟೆ ಉಬ್ಬಿಸಿ, ಕಂಬಗಳನ್ನು ಕಿತ್ತುಕೊಂಡು, ಆಕಾಶಕ್ಕೆ ಹೊರಟಿತು. ಅಧ್ಯಕ್ಷರು ಒಂದು ಹಗ್ಗಕ್ಕೆ ಜೋತುಬಿದ್ದರು. ಮುದ್ದುರಂಗಯ್ಯನವರು ಇನ್ನೊಂದಕ್ಕೆ. ಕುರ್ಚಿಗಳು ಒಂದರ ಹಿಂದೊಂದು ಗೇಟಿನ ಕಡೆ ಓಡಿದವು. ಊರಿಗೆ ಊರೇ ಹಗ್ಗ ಹಿಡಿದು ಎಳೆಯುತ್ತಿದ್ದಾಗ ನಾನು ನಡುವೆ ನಿಂತು, ಆಯಿತು, ಕೆಲಸ ಹೋಯಿತು, ಇನ್ನು ಜನ್ಮದಲ್ಲಿ ಇಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡರೂ ಗಾಳಿ ನಿಲ್ಲಲಿಲ್ಲ.

ಗುರುಶಾಂತನೂ ಒಂದು ಹಗ್ಗ ಹಿಡಿದಿದ್ದ. ಅವನು ನನ್ನ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ನಿಂಗೆ ಬುದ್ಧಿ ಐತಾ?" ಎಂದ. ಅವನ ಬಾಯಿಂದ ಅಂಥ ದನಿ ಯಾರೂ ಕೇಳಿರಲಿಲ್ಲ. "ಮೂರು ಸಲ! ಮೂರು ಸಲ ನಿಂತು, ಈಗ ಕೈಗೆ ಬಂದೈತೆ ಕೆಲಸ. ಬಾಯಿ ಮುಚ್ಕೊಂಡು ತಗೊಳೋಕೆ ಏನಾಗಿತ್ತು ನಿಂಗೆ? ನನಗೋಸ್ಕರ ಯಾರು ಹಾಳ್ಮಾಡ್ಕೊ ಅಂದ್ರು? ಯಾರು ಅಂದ್ರು?"

ಅವನ ಅಂಗಿಯ ತೋಳಿನಿಂದ ಒಂದಿಷ್ಟು ಗುಲಾಬಿ ಬಣ್ಣ ಎದ್ದಿತು. ಆಮೇಲೆ ಜೇಬಿನಿಂದ ಹಸಿರು. ಕಾಲರಿನಿಂದ ಹಳದಿ, ಕೂದಲಿನಿಂದ ನೀಲಿ. ಹುಟ್ಟಿದಾಗಿನಿಂದ ಮೈಗೆ ಹತ್ತಿದ ಪುಡಿಯೆಲ್ಲ ಬಿಡಿಸಿಕೊಂಡು ಅವನ ಸುತ್ತ ತಿರುಗತೊಡಗಿತು. ಬೇರೆಯವರ ಗಾಳಿ ಕಾಣುವುದಿಲ್ಲ, ಅದು ಅಲುಗಿಸಿದ್ದು ಮಾತ್ರ ಕಾಣುತ್ತದೆ. ಅವನದು ಕಂಡಿತು. ನನ್ನ ಗಾಳಿ ಅಲ್ಲೇ ನಿಂತುಹೋಯಿತು. ಶಾಮಿಯಾನ ದೊಪ್ಪನೆ ಎಲ್ಲರ ಮೇಲೆ ಕುಸಿಯಿತು. ಬಟ್ಟೆಯ ಅಡಿಯಿಂದ ಒಬ್ಬೊಬ್ಬರೇ ತಲೆ ಹೊರಗೆ ಹಾಕಿ ನೋಡಿದರು. ಗುರುಶಾಂತ ಬಣ್ಣದ ನಡುವೆ ನಿಂತಿದ್ದ. "ಅಮ್ಮಾ," ಎಂದ, "ನಂಗೂ ಬಂತು." ಜನ ಚಪ್ಪಾಳೆ ತಟ್ಟಿದರು. ಮಗು ಮೊದಲ ಹೆಜ್ಜೆ ಇಟ್ಟಾಗ ತಟ್ಟುವ ಹಾಗೆ.

ಪ್ರಮೋದಿನಿ ಮೇಡಂ ವೇದಿಕೆಯ ಮೆಟ್ಟಿಲ ಮೇಲೆ ಕೂತು ಮೂಗಿನ ಮೇಲಿನ ಹಳದಿ ಒರೆಸಿಕೊಳ್ಳುತ್ತಿದ್ದರು. ಮೈಕ್ ಕೆಟ್ಟುಹೋಗಿತ್ತು, ಹಾಗಾಗಿ ಎದ್ದು ನಿಂತು ಕೂಗಿಯೇ ಹೇಳಿದರು. "ಗುರುಶಾಂತ ಸುಳ್ಳು ಹೇಳಿಲ್ಲ. ನಿನ್ನೆ ಅವರು ಬರೆದದ್ದು ನಿಜವೇ. ನನಗೆ ಸಿಟ್ಟು ಬರೋದಿಲ್ಲ ಅಂತ ನಾನು ಹೇಳಿದ್ದೇ ಸುಳ್ಳಾಗಿತ್ತು. ಅವರ ಬಗ್ಗೆ ಆಡಿದ ಮಾತನ್ನ ವಾಪಸ್ ತಗೊಳ್ತಿದ್ದೀನಿ, ಕ್ಷಮಿಸಬೇಕು." ಸಂಗಮ್ಮ ಸೆರಗಿನಿಂದ ಸಕ್ಕರೆ ಹೊರಗೆ ತೆಗೆದು ಅಕ್ಕಪಕ್ಕದವರ ಕೈಗೆ ಸುರಿಯತೊಡಗಿದಳು.

"ಹಂಗಾದ್ರೆ ಕೆಲಸ ಯಾರಿಗೆ?" ಎಂದರು ಅಧ್ಯಕ್ಷರು, ಇನ್ನೂ ಹಗ್ಗ ಬಿಡದೆ. ಮೇಡಂ ನಮ್ಮಿಬ್ಬರನ್ನೂ ಹತ್ತಿರ ಕರೆದರು. "ಒಂದೇ ಪ್ರಶ್ನೆ. ಈ ಕೆಲಸ ನಿಮಗೆ ಯಾಕೆ ಬೇಕು?" ಗುರುಶಾಂತ ಬಹಳ ಹೊತ್ತು ಯೋಚಿಸಿದ. "ಅಮ್ಮ ಹೇಳಿದ್ರು" ಎಂದ. ಯಾರೋ ಕಿಸಕ್ಕನೆ ನಕ್ಕರು. ನಾನು ಆ ಮದುವೆಯ ಹುಡುಗಿಯ ವಿಷಯ ಹೇಳಿದೆ. ಉದ್ದವಾಗಿ ಹೇಳಬೇಕೆಂದಿದ್ದೆ. "ಎಲ್ರೂ ಬಟ್ಟೆ ಹಿಡಿಯೋಕೆ ಓಡಿದ್ರು ಮೇಡಂ. ಒಬ್ರಾದ್ರೂ ಅವಳ ಹತ್ರ ಹೋಗ್ಬೇಕಿತ್ತು" ಎಂದಷ್ಟೇ ಹೇಳಿದೆ.

"ಅಯ್ಯೋ ಬೇಡಪ್ಪ," ಎಂದರು ಅಧ್ಯಕ್ಷರು, "ಈ ಹುಡುಗಿ ಒಂದೇ ವಾರದಾಗೆ ಸ್ಟೇಷನ್ ಹಂಚೆಲ್ಲ ಹಾರಿಸ್ತಾಳೆ." ಮುದ್ದುರಂಗಯ್ಯನವರ ಮೀಸೆ ಅಲುಗಿತು. "ಹಂಚು ಭದ್ರ ಮಾಡಿಸ್ತೀನಿ" ಎಂದರು. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟು, ಬೇರೆ ಯಾರಿಗೂ ಕೇಳಿಸದ ಹಾಗೆ, "ಸುಮ್ಮನಿದ್ದಿದ್ರೆ ಕೆಲಸ ನಿಂದೇ ಆಗಿತ್ತು. ಆದ್ರೂ ನೀನು ಸುಮ್ಮನಿರಲಿಲ್ಲ. ಅದನ್ನ ಕಂಡುಹಿಡಿಯೋ ಪ್ರಶ್ನೆ ನನ್ನ ಹತ್ರ ಇರಲಿಲ್ಲಮ್ಮ" ಎಂದರು. ಅವರು ಮರುದಿನದ ಬಸ್ಸಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಆ ವಾರವಿಡೀ ಪ್ರವಾಸಿ ಮಂದಿರದಲ್ಲೇ ಉಳಿದು, ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ಒಬ್ಬರೇ ನಡೆಯುತ್ತಾ ಹಳೆಯದೆಲ್ಲ ನೆನಪಿಸಿಕೊಂಡು ಸಿಟ್ಟು ಮಾಡಿಕೊಳ್ಳುತ್ತಿದ್ದರು. ಏರಿಯ ಹುಲ್ಲು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುವುದು ಪೇಟೆಯಿಂದಲೂ ಕಾಣುತ್ತಿತ್ತು. ಹೋಗುವಾಗ ಮುಖ ಗೆಲುವಾಗಿತ್ತು.

ತರಬೇತಿ ಮುಗಿಸಿ ಬಂದು ನಾನು ಖಾಕಿ ತೊಟ್ಟ ಮೊದಲ ವಾರವೇ ಸಂಗಮ್ಮ ಸ್ಟೇಷನ್ನಿಗೆ ಬಂದಳು. ತಲೆಯಿಂದ ಕಾಲಿನವರೆಗೆ ಬಣ್ಣ. "ಬಾರೇ ಹಾಲಮ್ಮ, ಬಂದು ನನ್ ಮಗನ್ನ ಹಿಡ್ಕೊಂಡು ಹೋಗು" ಎಂದಳು. ಕೊಟ್ರೇಶಿ ಕುರ್ಚಿಯಿಂದ ಏಳದೆ, "ಆಮೇಲೆ ನೋಡೋಣ ಬಿಡವ್ವ" ಎಂದ. ನಾನು ಟೋಪಿ ಹಾಕಿಕೊಂಡು ಅವಳ ಜೊತೆ ಹೊರಟೆ.

ಅಂಗಡಿಯಲ್ಲಿ ಯಾವ ಗುಡ್ಡೆ ಯಾವ ಬಣ್ಣದ್ದು ಎಂದು ಹೇಳುವ ಹಾಗಿರಲಿಲ್ಲ. ಎಲ್ಲ ಕಲೆತು ಬೂದಿ ಬಣ್ಣಕ್ಕೆ ತಿರುಗಿತ್ತು. ಗುರುಶಾಂತ ಹಿತ್ತಲಿನ ಬಾಗಿಲಲ್ಲಿ ನಿಂತಿದ್ದ. "ದಿನಾ ಇದೇ ಆಯ್ತು," ಎಂದಳು ಸಂಗಮ್ಮ, "ಏನು ಹೇಳಿದ್ರೂ ಗಾಳಿ. ಏಳು ಅಂದ್ರೆ ಗಾಳಿ, ಕೂತ್ಕೊ ಅಂದ್ರೆ ಗಾಳಿ. ನನ್ನ ಚಿನ್ನದಂಥ ಮಗನ್ನ ಆ ಮೇಡಮ್ಮು ಕೆಡಿಸಿಬಿಟ್ಲು." "ನೀನು ಕೇಳೋದೇ ಇಲ್ಲ!" ಎಂದ ಅವನು, ಪುಡಿ ಎದ್ದಿತು. "ಏನು ಕೇಳಬೇಕೋ ನಾನು?" ಎಂದಳು ಅವಳು, ಇನ್ನೊಂದು ಕಡೆಯಿಂದ ಪುಡಿ ಎದ್ದಿತು. ಎರಡು ಗಾಳಿಗಳೂ ನಡುವೆ ಸೇರಿದವು. ನಾನು ಹೋಗಿ ಆ ನಡುವೆ ಕೂತೆ, ಅಂಗಡಿಯ ನೆಲದ ಮೇಲೆ, ಹೊಸ ಖಾಕಿಯಲ್ಲೇ.

"ಗುರುಶಾಂತ, ಅಮ್ಮ ಏನು ಕೇಳಬೇಕು ಅಂತೀಯೋ ಅದನ್ನ ನನಗೆ ಹೇಳು" ಎಂದೆ.

ಅವನು ಬಾಗಿಲಿಗೆ ಒರಗಿದ. "ಈ ಪುಡಿ ನಡುವೆ ಉಸಿರು ಹಿಡ್ಕೊಂಡೇ ಬೆಳೆದೆ ನಾನು" ಎಂದ. "ಜೋರಾಗಿ ಸೀನಿಲ್ಲ, ಓಡಿಲ್ಲ. ಅಮ್ಮ ಪೊಲೀಸ್ ಆಗು ಅಂದ್ರು, ಹೂಂ ಅಂದೆ. ಅವತ್ತು ಮೈದಾನದಾಗೆ ಹಗ್ಗ ಹಿಡಿದಿದ್ದೆನಲ್ಲ, ಮೇಲಿಂದ ಬಟ್ಟೆ ಎಳೀತಿತ್ತು, ಕೆಳಗಿಂದ ನಾನು ಎಳೀತಿದ್ದೆ. ಮೈಯಾಗಿರೋ ಶಕ್ತಿಯೆಲ್ಲ ಹಾಕಿ ಎಳೆಯೋದು ಅಂದ್ರೆ ಹೆಂಗಿರ್ತದೆ ಅಂತ ಗೊತ್ತಾಯ್ತು. ನಂಗೆ ಪೆಂಡಾಲ್ ಕೆಲಸಕ್ಕೆ ಹೋಗ್ಬೇಕು. ಬಸವಂತಣ್ಣ ಬಾ ಅಂದಾರೆ. ಹೇಳೋಕೆ ಬಾಯಿ ತೆಗೆದ್ರೆ ಅಮ್ಮ ಕೇಳ್ತಿಲ್ಲ."

ಸಂಗಮ್ಮನ ಕಡೆಯ ಪುಡಿ ಮೊದಲು ಕೆಳಗಿಳಿಯಿತು. ಅವಳು ಮಗನನ್ನು ಮೇಲಿಂದ ಕೆಳಗೆ ನೋಡಿದಳು, ಬೇರೆ ಯಾರದೋ ಮಗ ಬಂದು ನಿಂತಿದ್ದಾನೋ ಎನ್ನುವ ಹಾಗೆ. "ಉಸಿರು ಹಿಡ್ಕೊಂಡಿದ್ನಂತೆ," ಎಂದು ನನಗೆ ಹೇಳಿದಳು. "ಕೇಳ್ದೇನೇ? ಇಷ್ಟು ವರ್ಷ ಉಸಿರು ಹಿಡ್ಕೊಂಡಿದ್ನಂತೆ. ಒಂದು ಮಾತು ಹೇಳೋಕೆ ಏನಾಗಿತ್ತು ಇವನಿಗೆ?" ಕಣ್ಣೀರು ಬಂದು ಕೆನ್ನೆಯ ಬಣ್ಣದಲ್ಲಿ ಎರಡು ಗೆರೆ ಎಳೆಯಿತು. ಅವನು ಹತ್ತಿರ ಬಂದು ಅವಳ ತಲೆಯ ಪುಡಿ ಕೊಡವಿದ. ಅವಳು ಅವನ ಕೈಯನ್ನು ಒಮ್ಮೆ ತಳ್ಳಿದಳು, ಎರಡನೆಯ ಸಲ ತಳ್ಳಲಿಲ್ಲ.

ಅಂಗಡಿಯೊಳಗೆ ಎಲ್ಲ ನಿಶ್ಚಲವಾಯಿತು. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಸಂಗಮ್ಮ ಸೀರೆ ಒದರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇವನ್ನ ಹಿಡ್ಕೊಂಡು ಹೋಗ್ತೀಯೋ, ಇಲ್ಲಾ ಊಟಕ್ಕೆ ಹಾಕ್ಲೋ? ಪೊಲೀಸ್ನೋರೇ, ನೀವೇ ಹೇಳಿ" ಎಂದಳು.

"ಹಾಕಿ," ಎಂದೆ. "ನಂಗೂ ಒಂದು ತಟ್ಟೆ ಇಡಿ."